ಸಣ್ಣ ಪಾಕೀಟಿನ ದೊಡ್ಡ ಲೆಕ್ಕ

ವಡಗೇರಾದ ಕಿರಾಣಿ ಅಂಗಡಿಗಳ ಮುಂದೆ ತೋರಣದಂತೆ ತೂಗುವುದು ಶಾಂಪೂ, ಚಹಾಪುಡಿ, ಸೋಪಿನ ಪುಡಿಯ ಸಣ್ಣ ಪಾಕೀಟುಗಳ ಸರ. ಒಂದು, ಎರಡು, ಐದು, ಹತ್ತು ರೂಪಾಯಿಯ ಈ ಮಾಲಿಗೇ ಗಿರಾಕಿಗಳು ಹೆಚ್ಚು. ದೊಡ್ಡದು ಕೊಂಡರೆ ಅಗ್ಗವಲ್ಲವೆ? ಜನಕ್ಕೆ ಲೆಕ್ಕ ಗೊತ್ತಿಲ್ಲ ಎಂದು ತಿಂಗಳ ಪಗಾರದವರು ತೀರ್ಪು ಕೊಟ್ಟುಬಿಡುತ್ತಾರೆ.

ಲೆಕ್ಕ ಗೊತ್ತಿದೆ, ರೊಕ್ಕ ಇರುವುದಿಲ್ಲ. ಕೂಲಿ ಸಂಜೆ ಕೈಗೆ ಬಂದರೆ ಅದರಲ್ಲೇ ಅಂದಿನ ಎಣ್ಣೆ, ಅಂದಿನ ಸಕ್ಕರೆ. ಅರ್ಧ ಕಿಲೋ ಚಹಾಪುಡಿ ಕೊಂಡರೆ ನಾಲ್ಕು ಕಾಸು ಉಳಿದೀತು, ಆದರೆ ಅಂದಿನ ಒಗ್ಗರಣೆಗೆ ಎಣ್ಣೆ ಇರದು. ಇದನ್ನು ಮೊದಲು ಅರಿತವರಲ್ಲಿ ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಒಬ್ಬರು. 1970ರ ದಶಕದಲ್ಲಿ ಅವರು ಶಾಂಪೂವನ್ನು ಪುಟ್ಟ ಪಾಕೀಟಿಗೆ ತುಂಬಿದರು. ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ತಂದು ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು.

ಸಣ್ಣದೆಲ್ಲ ತುಟ್ಟಿಯೂ ಅಲ್ಲ. ಶಾಂಪೂವಿನಲ್ಲಿ ಅನೇಕ ಸಲ ಬಾಟಲಿಗಿಂತ ಪಾಕೀಟೇ ಅಗ್ಗ. ಮೋಸಹೋಗುವುದು ಬೇರೆ ಕಡೆ. ಐದು ರೂಪಾಯಿಯ ಬಿಸ್ಕತ್ತು ವರ್ಷಗಟ್ಟಲೆ ಐದೇ ರೂಪಾಯಿಗೆ ಸಿಗುತ್ತದೆ, ಒಳಗಿನ ತೂಕ ಮಾತ್ರ ಕರಗುತ್ತ ಹೋಗುತ್ತದೆ. ಮನಸ್ಸು ನಾಣ್ಯವನ್ನು ನೆನಪಿಡುತ್ತದೆ, ತೂಕವನ್ನಲ್ಲ.

ಹಾಗೆ ನೋಡಿದರೆ ಸಗಟು ಖರೀದಿ ಈ ಸೀಮೆಗೆ ಹೊಸದಲ್ಲ. ರಾಶಿ ಮುಗಿದ ಮೇಲೆ ವರ್ಷದ ಜೋಳವನ್ನು ಹಗೇವಿಗೆ ತುಂಬುತ್ತಿದ್ದರು; ತೊಗರಿಬೇಳೆ ಮನೆಯಲ್ಲೇ ಆಗುತ್ತಿತ್ತು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರದ ಬಯಲಿಗೆ ಹರಿದ ಮೇಲೆ ಭತ್ತ, ಹತ್ತಿಗಳ ರೊಕ್ಕದ ಬೆಳೆ ಹೆಚ್ಚಿತು. ಬೆಳೆ ಪೇಟೆಗೆ ಹೋಗುತ್ತದೆ, ರೊಕ್ಕ ಒಮ್ಮೆಲೇ ಬರುತ್ತದೆ. ಗುಳೆ ಹೋದವರದೂ ಹಾಗೆಯೇ: ಬೆಂಗಳೂರು, ಪುಣೆಯ ದುಡಿಮೆಯನ್ನು ಒಟ್ಟಿಗೆ ತರುತ್ತಾರೆ. ಒಮ್ಮೆಲೇ ಬಂದ ರೊಕ್ಕದಲ್ಲಿ ಮೊಬೈಲು, ಮದುವೆ, ಬಂಗಾರ ಮುಗಿದರೆ, ಉಳಿದ ತಿಂಗಳುಗಳಿಗೆ ಉಳಿಯುವುದು ಉದ್ರಿ.

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದ ಕೆಳಗೇ ಉದ್ರಿಯ ವಹಿ ತೆರೆದಿರುತ್ತದೆ. ಐನೂರರ ಸಾಮಾನಿಗೆ ಐನೂರ ಇಪ್ಪತ್ತು ಬರೆದು, ತಿಂಗಳಿಗೆ ತೀರಿಸಿದರೆ ಅದು ತಿಂಗಳಿಗೆ ನೂರಕ್ಕೆ ನಾಲ್ಕು ಬಡ್ಡಿ, ವರ್ಷಕ್ಕೆ ನಲವತ್ತೆಂಟು. ಬೆಳೆಸಾಲವನ್ನು ಸಹಕಾರಿ ಸಂಘ ನಿಗದಿತ ಮಿತಿಯೊಳಗೆ ಬಡ್ಡಿಯಿಲ್ಲದೆ ಕೊಡುತ್ತದೆ, ಸಕ್ಕರೆ-ಚಹಾಪುಡಿಗೆ ಕೊಡುವುದಿಲ್ಲ. ಹಾಗೆಂದು ಅಂಗಡಿಕಾರನನ್ನೇ ದೂರುವಂತಿಲ್ಲ. ಮಳೆ ಕೈಕೊಟ್ಟರೆ ಅವನ ವಹಿಯೂ ಮುಳುಗುತ್ತದೆ; ಆಷಾಢದಲ್ಲಿ ಇಲ್ಲವೆನ್ನದೆ ಕೊಡುವವನೂ ಅವನೇ.

ಕೈ ಬರಿದಾದಾಗ ಬುದ್ಧಿಯೂ ತುಸು ಮಂಕಾಗುತ್ತದೆಂದು ಸಂಶೋಧಕರು ಹೇಳುತ್ತಾರೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲೊಮ್ಮೆ, ನಂತರವೊಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ರೈತರು ಕಟಾವಿಗೆ ಮೊದಲು ಕಡಿಮೆ ಅಂಕ ಪಡೆದಿದ್ದರು. ರೊಕ್ಕದ ಚಿಂತೆ ತಲೆಯಲ್ಲಿ ಜಾಗ ಹಿಡಿದಿತ್ತು. ತೊಗರಿಯ ರಾಶಿಗೆ ಕಾಯುವವನಿಗೂ ಈ ಮಾತು ಸಲ್ಲುತ್ತದೆ. ಹೀಗಾಗಿ ವರ್ಷದ ಲೆಕ್ಕ ಹಾಕಬೇಕಾದದ್ದು ಕೈ ತುಂಬಿದಾಗಲೇ, ಬರಿದಾದಾಗಲ್ಲ.

ಅನುಕೂಲಗಳು ಇಲ್ಲದಿಲ್ಲ. ಈಗ ಪಾಕೀಟಿನ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟೆಂಬ ದರವನ್ನೂ ಮುದ್ರಿಸಬೇಕು. ಆದರೆ ಹತ್ತು ಗ್ರಾಮು, ಹತ್ತು ಮಿಲಿಲೀಟರಿನೊಳಗಿನ ಪಾಕೀಟಿಗೆ ವಿನಾಯಿತಿ ಇದೆ. ಬಡವರು ಹೆಚ್ಚು ಕೊಳ್ಳುವುದು ಅದನ್ನೇ. ಗರಿಷ್ಠ ಮಾರಾಟ ಬೆಲೆ ಎಂಬುದು ಮೇಲಿನ ಮಿತಿ. ಅದಕ್ಕಿಂತ ಕಡಿಮೆಗೆ ಕೇಳಲು ಯಾವ ಅಡ್ಡಿಯೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ ಚಾರ್ಜಿಲ್ಲದೆ ಯಾದಗಿರಿ, ಶಹಾಪುರದ ಪೇಟೆಯಲ್ಲಿ ದರ ವಿಚಾರಿಸಿ ಬರಬಹುದಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರವೂ ಆರಂಭವಾಯಿತು. ಪ್ರಯಾಣ ಪುಕ್ಕಟೆಯೆಂದು ಬೇಡದ್ದನ್ನು ಕೊಂಡರೆ ಉಳಿದದ್ದು ಅಲ್ಲೇ ಹೋಯಿತು. ಹತ್ತು ಮನೆಯ ಸ್ವಸಹಾಯ ಸಂಘದವರು ಕೂಡಿ ಒಂದು ಡಬ್ಬಿ ಎಣ್ಣೆ, ಒಂದು ಚೀಲ ಸಕ್ಕರೆ ತಂದು ಹಂಚಿಕೊಂಡರೆ, ಒಬ್ಬರ ಕೈಗೆಟುಕದ ಸಗಟು ದರ ಹತ್ತೂ ಮನೆಗೆ ದಕ್ಕುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಸರಿಯೇ. ಆದರೆ ಸುಗ್ಗಿಯಲ್ಲಿ ಅಗಲವಾಗಿ, ಆಷಾಢದಲ್ಲಿ ಗೇಣಗಲವಾಗುವ ಹಾಸಿಗೆಯಲ್ಲಿ ಮಲಗುವವರಿಗೆ ಅದು ಸಾಲದು. ಅಗಲವಿದ್ದಾಗಲೇ ಆಷಾಢದ ಪಾಲನ್ನು ಮಡಚಿಡಬೇಕು. ಹಗೇವು ತೋಡಿದ ಹಿರಿಯರು ಮಾಡಿದ್ದು ಅದನ್ನೇ.