ಆಡಿದವರೆಲ್ಲ ಆಡಿಸಬಲ್ಲರೇ?

ಮಳೆಗಾಲದ ಸಂಜೆ ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ಕೊಡೆ ಹಿಡಿದು ನಿಲ್ಲುವುದು ನನ್ನ ಹಳೆಯ ಚಟ. ಕೆಸರಿನಲ್ಲಿ ಫುಟ್ಬಾಲ್ ಆಡುವ ಬಂದರು, ಕುದ್ರೋಳಿ, ಉಳ್ಳಾಲ ಕಡೆಯ ಹುಡುಗರನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಾಗೆ ನಿಂತಿದ್ದ ಒಂದು ಸಂಜೆ ಕಂಡ ಸಣ್ಣ ಪ್ರಸಂಗ ಈ ಲೇಖನಕ್ಕೆ ಕಾರಣ. ಒಂದು ಕಾಲದಲ್ಲಿ ಇದೇ ಮೈದಾನದಲ್ಲಿ ಜನರನ್ನು ಹುಚ್ಚೆಬ್ಬಿಸಿದ ಆಟಗಾರರೊಬ್ಬರು ಈಗ ಹುಡುಗರ ತಂಡವೊಂದಕ್ಕೆ ತರಬೇತುದಾರರು. ಎಡಗಾಲಿನಿಂದ ಚೆಂಡನ್ನು ತಡೆದು ನಿಲ್ಲಿಸಲು ಹುಡುಗನೊಬ್ಬ ಹೆಣಗುತ್ತಿದ್ದ. ಮೂರು ಬಾರಿ ಚೆಂಡು ಜಾರಿತು. "ಇಷ್ಟೂ ಆಗುವುದಿಲ್ಲವಾ ಮಾರಾಯ ನಿನಗೆ?" ಎಂದು ಗದರಿದ ಕೋಚ್, ಪ್ಯಾಂಟು ಮಡಚಿ ತಾವೇ ಕೆಸರಿಗಿಳಿದರು. ಬಂದ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ನಿಲ್ಲಿಸಿದರು. ಬದಿಯಲ್ಲಿದ್ದ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹುಡುಗ ನಾಲ್ಕನೆಯ ಬಾರಿಯೂ ಸೋತ.

ದೊಡ್ಡ ಆಟಗಾರ ದೊಡ್ಡ ಗುರುವೂ ಆಗಬಲ್ಲನೇ ಎಂಬ ಪ್ರಶ್ನೆ ಹೊಸದಲ್ಲ. ಫುಟ್ಬಾಲ್ ಜಗತ್ತಿನಲ್ಲಂತೂ ಈ ಚರ್ಚೆ ಮುಗಿದದ್ದೇ ಇಲ್ಲ. ಡಿಯೇಗೊ ಮರಡೋನಾ ಅವರನ್ನು ಅರ್ಜೆಂಟೀನಾ 2008ರಲ್ಲಿ ರಾಷ್ಟ್ರೀಯ ತಂಡದ ಕೋಚ್ ಮಾಡಿತು. 2010ರ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಆ ತಂಡವನ್ನು 4-0 ಗೋಲುಗಳಿಂದ ಮನೆಗೆ ಕಳುಹಿಸಿತು. ಇನ್ನೊಂದು ಕಡೆ, ಆಟಗಾರರಾಗಿ ಅಂಥ ಹೆಸರೇನೂ ಮಾಡದ ಅಲೆಕ್ಸ್ ಫರ್ಗುಸನ್ ಇಪ್ಪತ್ತಾರು ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಆಳಿದರು. ವೃತ್ತಿಪರ ಫುಟ್ಬಾಲನ್ನೇ ಆಡದ, ಪಾದರಕ್ಷೆ ಮಾರುತ್ತಿದ್ದ ಅರಿಗೊ ಸಾಕಿ ಇಟಲಿಯ ಮಿಲಾನ್ ತಂಡಕ್ಕೆ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟರು. 'ನೀವು ಆಡಿದವರೇ ಅಲ್ಲವಲ್ಲ' ಎಂದು ಕೆಣಕಿದವರಿಗೆ, ಜಾಕಿಯಾಗಬೇಕಾದರೆ ಮೊದಲು ಕುದುರೆಯಾಗಿರಬೇಕೆಂದು ತನಗೆ ತಿಳಿದಿರಲಿಲ್ಲ ಎಂಬರ್ಥದ ಉತ್ತರವನ್ನು ಅವರು ಕೊಟ್ಟದ್ದು ಪ್ರಸಿದ್ಧ. (ಈ ಮಾತು ತುಳುನಾಡಿಗೆ ಬಂದರೆ ಸ್ವಲ್ಪ ಎಡವುತ್ತದೆ. ನಮ್ಮ ಕಂಬಳದ ಓಟಗಾರ ಕೋಣವಲ್ಲ, ನಿಜ. ಆದರೆ ಕೋಣಗಳ ಹಿಂದೆ ಅದೇ ಕೆಸರುಗದ್ದೆಯಲ್ಲಿ ತನ್ನ ಕಾಲಿನಲ್ಲೇ ಅವನೂ ಓಡಬೇಕು.)

ನಮ್ಮ ದೇಶದ ಫುಟ್ಬಾಲ್ ಇತಿಹಾಸವೂ ಇದಕ್ಕೆ ಹೊರತಲ್ಲ. ಭಾರತಕ್ಕೆ 1951ರ ದೆಹಲಿ ಮತ್ತು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಗಳ ಚಿನ್ನ ತಂದುಕೊಟ್ಟ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ದೊರಕಿಸಿದ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನ ಶಾಲಾ ಮೇಷ್ಟ್ರು, ತಾರಾ ಆಟಗಾರರಲ್ಲ. ಜಕಾರ್ತಾದಲ್ಲಿ ಅವರ ಕೈಕೆಳಗೆ ಆಡಿದ ಇಬ್ಬರು ತಾರೆಗಳೆಂದರೆ ಪಿ.ಕೆ. ಬ್ಯಾನರ್ಜಿ ಮತ್ತು ನಾಯಕ ಚುನಿ ಗೋಸ್ವಾಮಿ. ಪಿ.ಕೆ. ಮುಂದೆ ಕೋಲ್ಕತ್ತದ ಎರಡೂ ದೊಡ್ಡ ಕ್ಲಬ್ಬುಗಳಲ್ಲಿ ಕೋಚ್ ಆಗಿ ದಂತಕತೆಯಾದರು. ಚುನಿಯವರು ಆ ದಾರಿಯಲ್ಲಿ ಆ ಎತ್ತರವನ್ನು ಕಾಣಲಿಲ್ಲ. ಒಂದೇ ತಂಡ, ಒಬ್ಬರೇ ಗುರು, ಇಬ್ಬರೂ ಮಹಾ ಪ್ರತಿಭೆಗಳು. ಆದರೂ ಫಲ ಬೇರೆ ಬೇರೆ. ಆದ್ದರಿಂದ 'ತಾರೆಗಳು ಕೋಚ್ ಆಗಲಾರರು' ಎಂಬ ಸಿದ್ಧಾಂತವೂ, 'ಆಡಿದವನಿಗೇ ಆಡಿಸಲು ಬರುವುದು' ಎಂಬ ಅದರ ವಿರುದ್ಧದ ಸಿದ್ಧಾಂತವೂ ನನ್ನನ್ನು ಒಪ್ಪಿಸಿಲ್ಲ.

ಫುಟ್ಬಾಲನ್ನು ಬಿಟ್ಟು ಸ್ವಲ್ಪ ಹೊತ್ತು ಕ್ರಿಕೆಟಿನ ಕಡೆ ಬರಬೇಕಾಗಿದೆ. ಏಕೆಂದರೆ ಈ ಪ್ರಶ್ನೆಗೆ ನಮ್ಮವರೇ ಮೂವರು, ಎಂಟು ವರ್ಷಗಳ ಕಾಲ, ಇಡೀ ದೇಶದ ಕಣ್ಣೆದುರು ಉತ್ತರಿಸಿದ್ದಾರೆ. 2016ರ ಜೂನ್‌ನಿಂದ 2024ರ ಜೂನ್‌ವರೆಗೆ, ನಡುವಿನ ಕೆಲವು ತಾತ್ಕಾಲಿಕ ವ್ಯವಸ್ಥೆಗಳನ್ನು ಬಿಟ್ಟರೆ, ಭಾರತ ಕ್ರಿಕೆಟ್ ತಂಡದ ಮುಖ್ಯ ಕೋಚ್ ಆಗಿದ್ದವರು ಅನಿಲ್ ಕುಂಬ್ಳೆ, ರವಿ ಶಾಸ್ತ್ರಿ ಮತ್ತು ರಾಹುಲ್ ದ್ರಾವಿಡ್. ಕುಂಬ್ಳೆಯವರ ಹೆಸರಿನಲ್ಲಿರುವುದು ಇಲ್ಲಿಂದ ತಲಪಾಡಿ ದಾಟಿದರೆ ಸಿಗುವ ನಮ್ಮ ಗಡಿನಾಡಿನ ಕುಂಬಳೆ. ಮುಂಬಯಿಯ ಶಾಸ್ತ್ರಿಯವರ ಮೂಲ ಕಾರ್ಕಳದ ಕಡೆ. ದ್ರಾವಿಡ್ ಬೆಂಗಳೂರಿನವರೆಂದು ಹೇಳಬೇಕಾಗಿಯೇ ಇಲ್ಲ.

ಕುಂಬ್ಳೆಯವರ ಕತೆ ನನ್ನನ್ನು ಇಂದಿಗೂ ಕಾಡುತ್ತದೆ. 619 ಟೆಸ್ಟ್ ವಿಕೆಟ್, ಕೋಟ್ಲಾದಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್, ಆಂಟಿಗಾದಲ್ಲಿ ಒಡೆದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು ಮಾಡಿದ ಬೌಲಿಂಗ್: ಇವೆಲ್ಲ ಶಾಲಾ ಮಕ್ಕಳಿಗೂ ಗೊತ್ತು. ಅವರು ಕೋಚ್ ಆಗಿದ್ದ ಒಂದು ವರ್ಷದಲ್ಲಿ ಭಾರತ 17 ಟೆಸ್ಟ್ ಆಡಿ 12 ಗೆದ್ದಿತು, ಸೋತದ್ದು ಪುಣೆಯ ಒಂದೇ ಪಂದ್ಯ. ಹಾಗಿದ್ದೂ 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್ ಮುಗಿದು ಎರಡೇ ದಿನಕ್ಕೆ ಅವರು ಹುದ್ದೆ ಬಿಟ್ಟರು. ನಾಯಕನಿಗೆ ತಮ್ಮ ಕಾರ್ಯಶೈಲಿಯ ಬಗ್ಗೆ ಆಕ್ಷೇಪವಿದೆಯೆಂದು ಮಂಡಳಿ ತಿಳಿಸಿದ್ದನ್ನು ಅವರೇ ಬಹಿರಂಗವಾಗಿ ಬರೆದರು. ಆಟಗಾರರ ಮುಂದೆ ಕನ್ನಡಿ ಹಿಡಿಯುವುದೇ ಕೋಚ್ ಆದವನ ಕೆಲಸ ಎಂಬುದು ಆ ಪತ್ರದ ಒಂದು ಮುಖ್ಯ ಮಾತಾಗಿತ್ತು.

ಆ ದಿನಗಳಲ್ಲಿ ಕರ್ನಾಟಕದ ನಾವೆಲ್ಲ ಕುಂಬ್ಳೆಯವರ ಪರವಾಗಿ ಸಿಟ್ಟಿಗೆದ್ದೆವು. ನಾನೂ ಸಿಟ್ಟಿಗೆದ್ದವನೇ. ವರ್ಷಗಳು ಕಳೆದ ಮೇಲೆ ನನ್ನ ತೀರ್ಮಾನ ಸ್ವಲ್ಪ ಬದಲಾಗಿದೆ. ಫುಟ್ಬಾಲಿನಲ್ಲಿ ಮ್ಯಾನೇಜರನೇ ಯಜಮಾನ. ಹನ್ನೊಂದು ಮಂದಿಯನ್ನು ಆರಿಸುವವನೂ, ನಡುವೆ ಬದಲಿಸುವವನೂ ಅವನೇ. ಕ್ರಿಕೆಟಿನಲ್ಲಿ ಮೈದಾನಕ್ಕಿಳಿದ ಮೇಲೆ ನಾಯಕನೇ ದೊರೆ. ಕೋಚ್ ಹೆಚ್ಚೆಂದರೆ ಮಂತ್ರಿ. ಮಂತ್ರಿಯಾದವನಿಗೆ ಕನ್ನಡಿ ಹಿಡಿಯಲು ಬಂದರೆ ಸಾಲದು, ಅದನ್ನು ಯಾವ ಹೊತ್ತಿನಲ್ಲಿ ಹಿಡಿಯಬೇಕೆಂಬುದೂ ಗೊತ್ತಿರಬೇಕು. ಒಡೆದ ದವಡೆಯಲ್ಲಿ ಬೌಲ್ ಮಾಡಿದವರಿಗೆ, ಸಣ್ಣ ನೋವಿಗೆ ಕುಳಿತುಬಿಡುವ ಹುಡುಗ ಹೇಗೆ ಕಂಡಾನು? ಕುಂಬ್ಳೆ ಹಾಗೆ ನಡೆದುಕೊಂಡರೆಂದು ನಾನು ಹೇಳುತ್ತಿಲ್ಲ, ಒಳಗಿನ ಸಂಗತಿ ನನಗೆ ತಿಳಿಯದು. ಆದರೆ ಸ್ವಂತ ತಪಸ್ಸೇ ಇತರರನ್ನು ಅಳೆಯುವ ಅಳತೆಗೋಲಾಗುವ ಅಪಾಯ ಎಲ್ಲ ದೊಡ್ಡ ಆಟಗಾರರಿಗೂ ಇದೆ. ಅನಂತರ 2020ರಿಂದ 2022ರವರೆಗೆ ಅವರು ಮಾರ್ಗದರ್ಶನ ಮಾಡಿದ ಪಂಜಾಬ್ ಐಪಿಎಲ್ ತಂಡ ಮೂರು ವರ್ಷವೂ ಆರನೆಯ ಸ್ಥಾನದಲ್ಲೇ ನಿಂತಿತು ಎಂಬುದನ್ನೂ ಅಭಿಮಾನ ಬದಿಗಿಟ್ಟು ಹೇಳಬೇಕು.

ಶಾಸ್ತ್ರಿಯವರದು ಇದಕ್ಕೆ ತದ್ವಿರುದ್ಧವಾದ ಮಾರ್ಗ. ಆಟದಲ್ಲಿ ಅವರು ಕುಂಬ್ಳೆಯಷ್ಟು ದೊಡ್ಡವರಲ್ಲ. ಹತ್ತನೆಯ ಕ್ರಮಾಂಕದಲ್ಲಿ ಬ್ಯಾಟ್ ಹಿಡಿದು ಟೆಸ್ಟ್ ಜೀವನ ಆರಂಭಿಸಿ ಆರಂಭಿಕ ಆಟಗಾರನ ಸ್ಥಾನಕ್ಕೆ ಏರಿದವರು. ಇದ್ದ ಬಂಡವಾಳವನ್ನು ಪೂರ್ತಿ ಬಳಸಿಕೊಂಡ ಜಾಣ. ನಾಯಕನ ಜತೆ ಹೆಗಲಿಗೆ ಹೆಗಲು ಕೊಟ್ಟು, ಹುಡುಗರನ್ನು ಹುರಿದುಂಬಿಸಿ ಮುನ್ನಡೆಸಿದರು. ಅಡಿಲೇಡಿನಲ್ಲಿ 36 ರನ್ನಿಗೆ ಉರುಳಿದ ತಂಡ 2021ರ ಜನವರಿ 19ರಂದು ಬ್ರಿಸ್ಬೇನಿನಲ್ಲಿ ಸರಣಿ ಗೆದ್ದದ್ದು ಅವರ ಕಾಲದ ಶಿಖರ. ಐಸಿಸಿ ಕಪ್ ಮಾತ್ರ ಅವರಿಗೆ ಒಲಿಯಲಿಲ್ಲ.

ಆದರೆ ಬ್ರಿಸ್ಬೇನಿನಲ್ಲಿ ಗೆದ್ದ ಆ ಹುಡುಗರು ಯಾರು? ಶುಭಮನ್ ಗಿಲ್, ರಿಷಭ್ ಪಂತ್, ವಾಷಿಂಗ್ಟನ್ ಸುಂದರ್, ಸಿರಾಜ್. ಇವರಲ್ಲಿ ಹೆಚ್ಚಿನವರು 19ರ ವಯೋಮಿತಿಯ ತಂಡದಲ್ಲೋ ಭಾರತ 'ಎ' ತಂಡದಲ್ಲೋ ದ್ರಾವಿಡ್ ಅವರ ಕೈಯಲ್ಲಿ ಹದವಾದವರು. ಹಾಗೆಂದು ಎಲ್ಲರೂ ಹೊಗಳಿದಾಗ, ತನಗೆ ಅನಗತ್ಯವಾಗಿ ಶ್ರೇಯ ಸಿಗುತ್ತಿದೆ, ಅದು ಹುಡುಗರಿಗೆ ಸೇರಬೇಕಾದದ್ದು ಎಂದು ಅವರು ನಕ್ಕು ತಳ್ಳಿಹಾಕಿದರು.

ನನ್ನ ವಾದದ ತಿರುಳು ಇಲ್ಲಿದೆ. 13,288 ಟೆಸ್ಟ್ ರನ್ ಗಳಿಸಿದ ಆಟಗಾರ 2015ರಲ್ಲಿ ಒಪ್ಪಿಕೊಂಡದ್ದು ಹಿರಿಯರ ತಂಡವನ್ನಲ್ಲ. ಕ್ಯಾಮೆರಾಗಳು ಅಷ್ಟಾಗಿ ಸುಳಿಯದ ಹುಡುಗರ ತಂಡಗಳನ್ನು. 2016ರಲ್ಲಿ ಕಿರಿಯರ ವಿಶ್ವಕಪ್ ಫೈನಲ್ ಸೋತರು, 2018ರಲ್ಲಿ ಗೆದ್ದರು. ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಎಲ್ಲರಿಗೂ ಒಂದೇ ಇರಲೆಂದು ಅವರು ಹಟ ಹಿಡಿದ ಮೇಲೆ ತಲಾ 25 ಲಕ್ಷವಾಯಿತು. 2019ರಿಂದ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಹೊಣೆ. ಹೀಗೆ ಆರು ವರ್ಷ ತೆರೆಮರೆಯಲ್ಲಿ ದುಡಿದ ಮೇಲೆ, 2021ರ ನವೆಂಬರಿನಲ್ಲಿ ಹಿರಿಯರ ತಂಡ. ಅಲ್ಲಿಯೂ ಹೂವಿನ ಹಾದಿಯೇನಿರಲಿಲ್ಲ. 2022ರ ಟಿ20 ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿಗೆ ಹತ್ತು ವಿಕೆಟ್‌ಗಳ ಸೋಲು, 2023ರಲ್ಲಿ ಎರಡು ಫೈನಲ್‌ಗಳಲ್ಲಿ ಆಸ್ಟ್ರೇಲಿಯಕ್ಕೆ ಶರಣು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಕೈಗೆ ಬಂತು. 2007ರಲ್ಲಿ ಅವರ ನಾಯಕತ್ವದ ತಂಡ ಏಕದಿನ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಹೊರಬಿದ್ದದ್ದೂ ಅದೇ ವೆಸ್ಟ್ ಇಂಡೀಸಿನಲ್ಲಿ. ಮರುವರ್ಷ, 2025ರಲ್ಲಿ, ಅವರು ಕೋಚ್ ಆಗಿದ್ದ ರಾಜಸ್ಥಾನ್ ತಂಡ ಐಪಿಎಲ್‌ನಲ್ಲಿ ಒಂಬತ್ತನೆಯ ಸ್ಥಾನಕ್ಕಿಳಿಯಿತು. ಕೋಚ್ ಕೈಯಲ್ಲಿ ಮಂತ್ರದಂಡವಿಲ್ಲ.

ಜಿನೆದಿನ್ ಜಿದಾನ್ ಕೂಡ ಹೀಗೆಯೇ. 2016ರಿಂದ 2018ರವರೆಗೆ ಸತತ ಮೂರು ಚಾಂಪಿಯನ್ಸ್ ಲೀಗ್ ಗೆದ್ದ ಅವರು ಅದಕ್ಕೂ ಮುನ್ನ ಅನ್ಸೆಲೊಟ್ಟಿಯವರ ಸಹಾಯಕರಾಗಿ, ಆಮೇಲೆ ರಿಯಲ್ ಮ್ಯಾಡ್ರಿಡ್‌ನ ಕಿರಿಯ ತಂಡದ ಕೋಚ್ ಆಗಿ ಕೆಲಸ ಕಲಿತರು. ಆದರೆ ಶಿಷ್ಯವೃತ್ತಿ ಮಾಡಿದವರೆಲ್ಲ ಗೆಲ್ಲುತ್ತಾರೆಂದಲ್ಲ. ಬೆಲ್ಜಿಯಂ ತಂಡದಲ್ಲಿ ಸಹಾಯಕರಾಗಿ ಪಳಗಿದ ತಿಯರಿ ಆನ್ರಿಯವರನ್ನು ಮೊನಾಕೊ ಕ್ಲಬ್ಬು 2019ರ ಜನವರಿಯಲ್ಲಿ, ಕೆಲವೇ ತಿಂಗಳಿಗೆ, ಮನೆಗೆ ಕಳುಹಿಸಿತು.

ಇಲ್ಲಿ ಪ್ರಕಾಶ್ ಪಡುಕೋಣೆಯವರನ್ನು ನೆನೆಯದಿದ್ದರೆ ಕರಾವಳಿಯವನಾಗಿ ನನಗೆ ಸಮಾಧಾನವಿಲ್ಲ. ಕುಂದಾಪುರದ ಕಡೆಯ ಪಡುಕೋಣೆ ಎಂಬ ಊರನ್ನು ಹೆಸರಿನಲ್ಲಿಟ್ಟುಕೊಂಡು, ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ ಆಡಿ ಬೆಳೆದು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು. ತನಗೆ ಸಿಗದ ಸೌಲಭ್ಯ ಮುಂದಿನವರಿಗೆ ಸಿಗಲೆಂದು 1994ರಲ್ಲಿ ವಿಮಲ್ ಕುಮಾರ್ ಜತೆ ಅಕಾಡೆಮಿ ಕಟ್ಟಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಅದೇ ಪ್ರಶಸ್ತಿ ಗೆದ್ದು, ಆಮೇಲೆ ತಾವೇ ಕೋಚ್ ಆಗಿ ಸೈನಾ, ಸಿಂಧು ಅವರಿಗೆ ಒಲಿಂಪಿಕ್ ಪದಕದ ದಾರಿ ತೋರಿಸಿದರು. ತಾರೆ ಗುರುವಾಗಬಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯವನ್ನು ಮೊದಲ ಗೇಮ್ ಗೆದ್ದೂ ಕೈಚೆಲ್ಲಿದಾಗ, ಇನ್ನು ಆಟಗಾರರೇ ಜವಾಬ್ದಾರಿ ಹೊರಬೇಕೆಂದು ಇದೇ ಪ್ರಕಾಶ್ ಬಹಿರಂಗವಾಗಿ ನುಡಿದರು. ಗೆದ್ದರೆ ಎಲ್ಲರೂ ಪಾಲಿಗೆ ಬರುತ್ತಾರೆ, ಸೋತರೆ ಆಟಗಾರನೊಬ್ಬನೇ ಹೊಣೆಯೇ ಎಂದು ಕೊಡಗಿನ ಅಶ್ವಿನಿ ಪೊನ್ನಪ್ಪ ಪ್ರಶ್ನಿಸಿದರು. ಪ್ರಕಾಶರ ಮಾತಿನಲ್ಲಿ ಸತ್ಯವಿತ್ತು. ಆದರೂ ಆ ಸಂಜೆ ನಾನು ಅಶ್ವಿನಿಯ ಕಡೆ. ಸೋತು ಬಂದ ಇಪ್ಪತ್ತೆರಡರ ಹುಡುಗನಿಗೆ ಆ ಮಾತನ್ನು ಒಂದು ವಾರ ಬಿಟ್ಟು, ಕೋಣೆಯ ಬಾಗಿಲು ಹಾಕಿ ಹೇಳಬಹುದಿತ್ತು.

ಇನ್ನು ನಮ್ಮ ಮೈದಾನಕ್ಕೆ ಮರಳುತ್ತೇನೆ. ನಮ್ಮಲ್ಲಿ ಕೋಚ್ ಹುದ್ದೆಯೆಂದರೆ ಒಂದು ಬಗೆಯ ಸನ್ಮಾನ. ಶಾಲು, ಹಾರ, ಹಣ್ಣುಬುಟ್ಟಿಗಳ ಮುಂದುವರಿದ ಭಾಗವಾಗಿ ನಿವೃತ್ತ ಆಟಗಾರನಿಗೆ ಒಂದು ತಂಡವನ್ನು ಕೈಗಿಡಲಾಗುತ್ತದೆ. ಅವರಿಗೆ ಕಲಿಸಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅಗೌರವ. ತರಬೇತಿಯ ಪರವಾನಗಿಗೆ ಓದಲು ಅವರಿಗೆ ರಜೆಯೂ ಇಲ್ಲ, ಹಣವೂ ಇಲ್ಲ. ಇನ್ನೊಂದೆಡೆ, ಹೆಸರಿಲ್ಲದ ಒಳ್ಳೆಯ ಗುರುಗಳು ಹೆಸರಿಲ್ಲದೆಯೇ ಉಳಿಯುತ್ತಾರೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಿತು. ಆ ತಂಡದ ಕೋಚ್ ರವಿ ಬಾಬು ರಾಜು. ನೆಹರೂ ಮೈದಾನದ ಬದಿಯಲ್ಲಿ ನಿಂತ ಹತ್ತು ಮಂದಿಯಲ್ಲಿ ನಾನು ಈ ಹೆಸರನ್ನು ವಿಚಾರಿಸಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ನನ್ನ ಶಾಲೆಯ ಪಿ.ಟಿ. ಮಾಸ್ಟ್ರು ಜಿಲ್ಲಾ ಮಟ್ಟದಲ್ಲಿಯೂ ಆಡಿದವರಲ್ಲ. ಸ್ವತಃ ಒದ್ದರೆ ಚೆಂಡು ನೆಟ್ಟಗೆ ಹೋಗುತ್ತಿರಲಿಲ್ಲ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಆದರೆ ಪಂಚೆ ಎತ್ತಿಕಟ್ಟಿ ಗೋಲ್‌ಪೋಸ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಅವರು ನಮ್ಮ ಕಾಲುಗಳನ್ನೇ ನೋಡುತ್ತಿದ್ದರು. "ನಿನ್ನ ಊರುಗಾಲು ಚೆಂಡಿನಿಂದ ಒಂದು ಗೇಣು ಹಿಂದೆ ಉಳಿಯುತ್ತದೆ, ಅದಕ್ಕೇ ಮೇಲೆ ಹಾರುವುದು" ಎಂದು ಅವರು ಹೇಳಿದ ಮೇಲೆ ನನ್ನ ಚೆಂಡು ಕಂಪೌಂಡು ದಾಟಿ ಹೋಗುವುದು ನಿಂತಿತು. ಅವರಿಗೆ ಆಟ ಸುಲಭವಾಗಿರಲಿಲ್ಲವಾದ್ದರಿಂದ ಅದು ಎಲ್ಲಿ ಕಷ್ಟವೆಂದು ಗೊತ್ತಿತ್ತು. ಸುಲಭವಾಗಿದ್ದವರಿಗೆ ಅದನ್ನು ಹುಡುಕಿ ತಿಳಿಯಬೇಕಾಗುತ್ತದೆ. ಹುಡುಕಲು ಸಿದ್ಧರಿದ್ದರೆ ಅವರು ಮಾಸ್ಟ್ರಿಗಿಂತ ಎಷ್ಟೋ ದೂರ ಹೋಗಬಲ್ಲರು, ಏಕೆಂದರೆ ಅವರ ಮಾತನ್ನು ಮಕ್ಕಳು ಮೊದಲ ದಿನವೇ ಕಿವಿಗೊಟ್ಟು ಕೇಳುತ್ತಾರೆ. ನಮ್ಮ ಮಾಸ್ಟ್ರಿಗೆ ಆ ಕಿವಿ ಸಿಗಲು ಎರಡು ವರ್ಷ ಬೇಕಾಯಿತು.

ಆದ್ದರಿಂದ ಜಿಲ್ಲೆಯ ಕ್ರೀಡಾ ಸಂಸ್ಥೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ನಿವೃತ್ತ ತಾರೆಗೆ ಹಿರಿಯರ ತಂಡ ಕೊಡುವ ಮೊದಲು ಎರಡು ಮಳೆಗಾಲ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕೊಡಿ. ಪರವಾನಗಿ ಪರೀಕ್ಷೆಯ ಶುಲ್ಕವನ್ನು ಸಂಸ್ಥೆಯೇ ಭರಿಸಲಿ. ಜತೆಗೊಬ್ಬ ಶಾಲಾ ಮಾಸ್ಟ್ರನ್ನು, ಸಮಾನ ಗೌರವಧನ ಕೊಟ್ಟು, ಕೂರಿಸಿ. ಸನ್ಮಾನ ಬೇಕಾದರೆ ಪುರಭವನದಲ್ಲಿ ಬೇರೆಯಾಗಿ ಮಾಡೋಣ.

ಎಡಗಾಲಿನ ಆ ಹುಡುಗನನ್ನು ಈ ಮಳೆಗಾಲದಲ್ಲಿ ಮೈದಾನದಲ್ಲಿ ಕಾಣಲಿಲ್ಲ. ಜತೆಯವರನ್ನು ಕೇಳಿದೆ. ಅವನು ಆಡುವುದು ಬಿಟ್ಟ ಎಂದರು.