ವಾಟ್ ಮುದ್ರೆಯೂ ಮೀಟರಿನ ಸತ್ಯವೂ

ಸಸ್ಯ ಬೆಳವಣಿಗೆಯ ಎಲ್‌ಇಡಿ ದೀಪಗಳ ಪೆಟ್ಟಿಗೆಗಳ ಮೇಲೆ ‘1000 ವಾಟ್’ ಎಂಬ ಮುದ್ರೆ ಹಲವೆಡೆ ಕಾಣುತ್ತದೆ. ಅದು 10 ವಾಟ್‌ನ 100 ಡಯೋಡುಗಳೆಂಬ ಗುಣಾಕಾರದ ಅಂಕಿಯಷ್ಟೆ. ಡಯೋಡುಗಳಿಗೆ ಹರಿಸುವ ವಿದ್ಯುತ್ ಬಹಳ ಕಡಿಮೆಯಾದುದರಿಂದ ಇಂತಹ ಎಷ್ಟೋ ದೀಪಗಳು ಮೀಟರಿನಲ್ಲಿ 200 ವಾಟನ್ನೂ ಮುಟ್ಟುವುದಿಲ್ಲ. ದಿನಕ್ಕೆ 16 ಗಂಟೆ ಉರಿದರೂ 16 ಯೂನಿಟ್ಟಿನ ಬದಲು ಸುಮಾರು 3 ಯೂನಿಟ್ ಮಾತ್ರ.

ಬಿಲ್ಲು ಇಳಿಯಿತೆಂದು ಗ್ರಾಹಕನು ಹಿಗ್ಗುವಂತಿಲ್ಲ. ಬೆಳಕು ಸಾಲದೆ ಬೆಳೆ ಸೊರಗುತ್ತದೆ. ಮುದ್ರೆಯನ್ನು ನಂಬಿ ಮಂಜೂರು ಮಾಡಿಸಿಕೊಂಡ ಹೆಚ್ಚುವರಿ ಲೋಡಿಗೆ ಪ್ರತಿ ತಿಂಗಳೂ ನಿಗದಿತ ಶುಲ್ಕ ತೆರಬೇಕು. ನಿಜವಾದ ಅಂಕಿಯನ್ನು ಮುದ್ರಿಸುವ ಸಣ್ಣ ತಯಾರಕನಾದರೋ ಸುಳ್ಳಿನೆದುರು ದುಬಾರಿಯೆನಿಸಿ ಮಾರುಕಟ್ಟೆ ಕಳೆದುಕೊಳ್ಳುತ್ತಾನೆ.

ಆದುದರಿಂದ ತಯಾರಕರು ಡ್ರೈವರ್ ಸಹಿತ ಒಟ್ಟು ಬಳಕೆಯನ್ನೂ ಪವರ್ ಫ್ಯಾಕ್ಟರನ್ನೂ ಮುದ್ರಿಸಬೇಕು. ವರ್ತಕರು ಮೀಟರಿನಲ್ಲಿ ಅಳೆದು ತೋರಿಸಿಯೇ ಮಾರಬೇಕು. ತೂಕದಲ್ಲಿ ಮೋಸ ಸಲ್ಲದೆಂಬ ವ್ಯಾಪಾರಧರ್ಮ ವಾಟಿಗೂ ಅನ್ವಯಿಸುತ್ತದೆ.