ಹೆಸರ ನೋಡಿ ಕುತ್ತಿಗಿ ತರಬ್ಯಾಡ್ರಿ

ನಮ್ಮ ಮಗಳ ಎಲೆಕ್ಟ್ರಿಕ್ ಗಿಟಾರಿನ ಕುತ್ತಿಗಿ ಡೊಂಕಾಗಿ ಎರಡು ತಿಂಗಳಾತು. ಕುತ್ತಿಗಿ ಅಂದ್ರ ನೆಕ್, ಎಡಗೈಯಾಗ ಹಿಡಕೊಳ್ಳೋ ಉದ್ದನ್ನ ಕಟ್ಟಿಗಿ. ತಂಬೂರಿಗೆ ದಾಂಡಿ ಇದ್ದಂಗ ಅನ್ನರಿ. ಈ ಎರಡು ತಿಂಗಳದಾಗ ಮನಿಗೆ ಬಂದವರೆಲ್ಲಾ ಚಹಾ ಕುಡದು, ಒಂದೊಂದು ಸಲಹಾ ಕೊಟ್ಟು ಹೋಗ್ಯಾರ. ನಾನೂ ಎಲ್ಲಾರ ಮುಂದ ಹೂಂ ಹೂಂ ಅಂದೀನಿ. ಇವತ್ತ ಉತ್ತರ ಕೊಡ್ತೀನಿ. ವೈನಿ, ಮೌಶಿ, ಬಾಜೂಮನಿ ಅಕ್ಕಾರು, ಯಾರೂ ಸಿಟ್ಟಾಗಬ್ಯಾಡ್ರಿ. ಆಗೂದಿದ್ರೂ ಪೂರ್ತಿ ಓದಿ ಆಮ್ಯಾಲೆ ಆಗ್ರಿ.

ಮೊದಲನೇ ಸಲಹಾ: "ಅದನ್ನ ಒಗದು ಹೊಸಾದು ತರ್ರಿ." ಯಾಕ ಒಗೀಬೇಕು? ಕುಕ್ಕರಿನ ರಬ್ಬರ್ ಹೋತಂದ್ರ ಕುಕ್ಕರ್ ಒಗೀತೀರೇನು? ಈ ನಮೂನಿ ಗಿಟಾರ ಮಾಡಿ ಮಾರಿದ ಲಿಯೋ ಫೆಂಡರ್ ಅನ್ನಾಂವ ಅಮೇರಿಕಾದ ಕ್ಯಾಲಿಫೋರ್ನಿಯಾದಾಗ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಗಿಟಾರ ಬಾರಸಲಿಕ್ಕೆ ಅವಗ ಬರ್ತಿದ್ದಿಲ್ಲ, ರಿಪೇರಿ ಮಾತ್ರ ಪಕ್ಕಾ ಬರ್ತಿತ್ತು. 1950ರ ಸುಮಾರಿಗೆ ಅಂವ ಕುತ್ತಿಗಿನ್ನ ಅಂಟಿನಿಂದ ಕೂಡಸೂದು ಬಿಟ್ಟು ನಾಕು ಸ್ಕ್ರೂ ಹಾಕಿ ಕೂಡಿಸಿದ. ಕೆಟ್ರ ಬಿಚ್ಚಿ ಬ್ಯಾರೆ ಹಾಕಬಹುದು. ಎಲ್ಲಾ ಗಿಟಾರಿಗೂ ಹಿಂಗಿಲ್ಲ. ಗಿಬ್ಸನ್ ಕಂಪನಿ ಲೆಸ್ ಪಾಲ್ ಗಿಟಾರಿಗೆ ಕುತ್ತಿಗಿ ಅಂಟಿಸಿರ್ತಾರ, ಅದನ್ನ ತಗಿಯೂದು ಕಸಬುದಾರರ ಕೆಲಸ. ನಮ್ಮದು ನಾಕು ಸ್ಕ್ರೂದ್ದು. ಮೈ ಗಟ್ಟಿ ಅದ, ದನಿ ಛೊಲೊ ಅದ. ಹಂಗಿದ್ದ ಮ್ಯಾಲೆ ಒಗಿಯೂ ಮಾತ ಯಾಕ?

ಡೊಂಕ ಯಾಕಾತು ಅದನ್ನೂ ಹೇಳ್ತೀನಿ, ತಪ್ಪು ನಮ್ಮದೂ ಅದ. ಆರು ತಂತಿ ಬಿಗದ್ರ ಕುತ್ತಿಗಿ ಮ್ಯಾಲೆ ಸುಮಾರು 40-45 ಕಿಲೋ ಜಗ್ಗು ಬೀಳ್ತದ. ಒಂದು ಸಿಮೆಂಟ್ ಚೀಲಕ್ಕ ಸ್ವಲ್ಪ ಕಡಿಮಿ. ಅದನ್ನ ತಡೀಲಿಕ್ಕೆ ಕಟ್ಟಿಗಿ ಒಳಗ ಟ್ರಸ್ ರಾಡ್ ಅಂತ ಒಂದು ಉಕ್ಕಿನ ಸಳಿ ಇರ್ತದ. ಮಳಿಗಾಲದಾಗ ಕಟ್ಟಿಗಿ ಥಂಡಿ ಹಿಡದು ಅಲ್ಲಾಡಿತು. ಮನ್ಯಾಗ ಒಬ್ಬರು ಆ ಸಳಿ ನಟ್ಟನ್ನ ಪಾನಾ ಹಾಕಿ ಜೋರಲೆ ತಿರುವಿದ್ರು, ಒಳಗಿನ ಆಟಿನೇ ಹೋತು. ನಾನು ಬಾಜೂಕ ನಿಂತು ಬ್ಯಾಟರಿ ಹಿಡದಿದ್ದೆ.

ಎರಡನೇ ಸಲಹಾ: "ತರೂದ ಆದ್ರ ದೊಡ್ಡ ಹೆಸರಿಂದು ತರ್ರಿ, ನಾಳೆ ಮಾರಿದ್ರೂ ರೊಕ್ಕ ಬರ್ತದ." ಈ ಮಾತ ನಂಬಿ ನಾ ಮೋಸ ಹೋದೆ. ಭಿಶಿ ರೊಕ್ಕ ಬಂದಿತ್ತು. ನಡಬಾರಕ ದೊಡ್ಡ ಹೆಸರು ಬರದಿದ್ದ ಕುತ್ತಿಗಿ ತಂದೆ. ಮನಿಗೆ ಬಂದು ನೋಡಿದ್ರ ಅದರ ತುದಿ ಚೌಕ, ನಮ್ಮ ಗಿಟಾರಿನ ಗುಂಡಿ ಗುಂಡಗ. ಅದು ಟೆಲಿಕ್ಯಾಸ್ಟರ್ ನಮೂನಿ, ನಮ್ಮದು ಸ್ಟ್ರಾಟೊಕ್ಯಾಸ್ಟರ್ ನಮೂನಿ. ಅಂಗಡಿಯಾಂವ "ಮೂಲಿ ತಿಕ್ಕಸ್ರಿ, ಕೂಡ್ತದ, ವಾಪಸ್ ಮಾತ್ರ ಇಲ್ಲಾ" ಅಂದ. ಬರೇ ಮೂಲಿದಲ್ಲರಿ, ಅದರ ಬೆನ್ನು ದಪ್ಪ. ಹತ್ತು ನಿಮಿಷ ಹಿಡದು ನೋಡಿ ಮಗಳು "ಅಮ್ಮಾ, ಮಣಿಕಟ್ಟು ನೋಯ್ತದ" ಅಂದ್ಲು. ಈಗ ಅದು ಅಟ್ಟದ ಮ್ಯಾಲೆ ಕೂತದ, ಹೆಸರ ಸಮೇತ.

ಹೆಸರಿಗೆ ಬೆಲಿನೇ ಇಲ್ಲ ಅಂತ ನಾ ಅನ್ನೂದಿಲ್ಲ. ಛೊಲೊ ಕಂಪನಿ ಅಳತಿ ಸರೀ ಇಡ್ತದ, ಕಟ್ಟಿಗಿ ಒಣಗಿಸಿರ್ತದ. ಆದ್ರ ಆ ಅಳತಿ ನಮ್ಮ ಅಳತಿ ಹೌದೋ ಅಲ್ಲೋ ನೋಡೂದು ನಮ್ಮ ಕೆಲಸ. ಟೇಲರ್ ಹೆಸರು ಎಷ್ಟ ದೊಡ್ಡದಿದ್ರೂ ಅಳತಿ ಕೊಡಲಾರದ ಬ್ಲೌಸ್ ಹೊಲಸ್ತೀರೇನು? ಇಲ್ಲೆ ಮಾತ್ರ ಯಾಕ ಕಣ್ಣು ಮುಚ್ಚಿ ರೊಕ್ಕ ಎಣಸೂದು?

ಅಳತಿ ಅಂಥಾ ಕಠಿಣ ಏನಿಲ್ಲ. ಹೊಲಿಗಿ ಟೇಪು ಸಾಕು. ತಂತಿ ಕೂಡೂ ಮ್ಯಾಲಿನ ಪಟ್ಟಿಯಿಂದ ಹನ್ನೆರಡನೇ ಫ್ರೆಟ್ ತನಕ ಅಳೀರಿ, ಅದರ ಎರಡಪಟ್ಟು ಅಂದ್ರ ಸ್ಕೇಲ್. ನಮ್ಮದು 12.75 ಇಂಚು ಬಂತು, ಅಂದ್ರ ಸ್ಕೇಲ್ 25.5 ಇಂಚು. ಗಿಬ್ಸನ್ ನಮೂನಿದು 24.75. ಇದೊಂದು ತಪ್ಪಿದ್ರ ಎಲ್ಲಾ ತಪ್ಪಿತು. ಯಾಕಂದ್ರ ತಂತಿ ಕೆಳಗ ಕೂಡೂ ಬ್ರಿಜ್ ಮೈ ಮ್ಯಾಲೆ ಒಂದ ಕಡೆ ಗಟ್ಟಿ ಕೂತಿರ್ತದ. ಫ್ರೆಟ್ ಬ್ಯಾರೆ ಲೆಕ್ಕದಾಗ ಇದ್ರ ಎಷ್ಟ ಶ್ರುತಿ ಮಾಡಿದ್ರೂ ಸುರ ಕೂಡೂದಿಲ್ಲ. ಆಮ್ಯಾಲೆ ಗುಂಡಿ ಅಗಲ: ಸ್ಟ್ರಾಟ್ ನಮೂನಿಗೆ ಸುಮಾರು 56 ಮಿ.ಮೀ. ಆಮ್ಯಾಲೆ ಸ್ಕ್ರೂ ತೂತು. ಮೊದಲ ಕೊರದ ತೂತು ನಮ್ಮ ತೂತಿಗೆ ಕೂಡ್ಲಿಕ್ಕಿಲ್ಲ, ಅದಕ್ಕ ಕೊರೀಲಾರದ ಕುತ್ತಿಗಿ ತಂದು ಬಡಗ್ಯಾರ ಕಡೆ ಕೊರಸೂದು ಉತ್ತಮ. ತಂತಿ ತಿರುವೂ ಕೀಲಿ ತೂತೂ ನೋಡ್ರಿ, ಹಳೇ ನಮೂನಿದು ಸಣ್ಣದು, ಈಗಿನದು ಸಾಮಾನ್ಯ 10 ಮಿ.ಮೀ.

ಇನ್ನ ಕಟ್ಟಿಗಿ. ಮೇಪಲ್ ಛೊಲೊನೋ ರೋಜ್‌ವುಡ್ ಛೊಲೊನೋ ಅಂತ ಹುಡುಗೂರು ರಾತ್ರಿಯೆಲ್ಲಾ ಜಗಳಾಡ್ತಾರ. ಇಂಡಿಯನ್ ರೋಜ್‌ವುಡ್ ಅಂದ್ರ ಮತ್ತ್ಯಾವುದೂ ಅಲ್ಲರಿ, ನಮ್ಮ ಸಹ್ಯಾದ್ರಿ ಬೀಟಿ ಮರ. ಅಜ್ಜನ ಕಾಲದ ಮಂಚ, ಕಪಾಟು ಅದರಾಗ ಮಾಡಿರ್ತಿದ್ರು. ಬೆರಳಾಡೋ ಪಟ್ಟಿ ಬೀಟಿದಾದ್ರ ನನಗೂ ಖುಷಿ. ಆದ್ರ ಮೊದಲ ನೋಡೂದು ಕಟ್ಟಿಗಿ ಒಣಗ್ಯದೋ ಇಲ್ಲೋ, ನೆಟ್ಟಗದನೋ ಇಲ್ಲೋ, ಸಳಿ ತಿರಗತದೋ ಇಲ್ಲೋ. ಜಾತಿ ಆಮ್ಯಾಲೆ.

ಮೂರನೇ ಸಲಹಾ ನನಗ ಭಾಳ ಚುಚ್ಚಿತು. "ಹುಡುಗಿ ಕೈ ಸಣ್ಣದು, ಇದು ಗಂಡಸೂರ ವಾದ್ಯ, ಬಿಡಸ್ರಿ." ಇದನ್ನ ಅಂದವರು ನಾಕು ಮಂದಿ, ನಾಕೂ ಹೆಂಗಸೂರು. ಅಕಿ ಒಳಗ ಕೂತು ಕೇಳಿಸಿಕೊಂಡ್ಲು. ಮರುದಿವಸ ಗಿಟಾರ ಮ್ಯಾಲೆ ಹಳೇ ಚಾದರ ಹೊಚ್ಚಿದ್ಲು.

ಧಾರವಾಡದವರು ಈ ಮಾತ ಆಡಬಾರದು. ಮಿರಜದಾಗ ತಂಬೂರಿ ಮಾಡೋರು ಹೆಂಗಸೂರ ದನಿಗೆ ಗಿಡ್ಡ ತಂಬೂರಿ, ಗಂಡಸೂರ ದನಿಗೆ ಉದ್ದ ತಂಬೂರಿ ಮಾಡ್ತಾರ. "ನಿನ್ನ ದನಿ ಏರು, ಹಾಡೂದು ಬಿಡು" ಅಂತ ಯಾರಿಗೂ ಹೇಳಲಿಲ್ಲ, ವಾದ್ಯದ ಅಳತಿ ಬದಲ ಮಾಡಿದ್ರು. ಮತ್ತ ಗಂಗೂಬಾಯಿ ಹಾನಗಲ್ಲರ ದನಿ ಗಂಡಸೂರ ದನಿ ಹಂಗ ಗಡಸು. "ಹೆಣ್ಣಿನ ಅಳತಿ" ಅಂತ ಒಂದ ಇದ್ದಿದ್ರ ಅವರು ಅದರಾಗ ಹಿಡೀತಿದ್ರೇನು? ಅಳತಿ ಆ ಮನಷ್ಯಾರದು ಇರ್ತದ, ಹೆಣ್ಣು ಗಂಡಿನದಲ್ಲ.

ಅದಕ್ಕ ನಾವು ಅಕಿ ಗೆಳತ್ಯಾರ ಮನಿಗೆ ಹೋಗಿ ಮೂರು ಗಿಟಾರ ಹಿಡಿಸಿ ನೋಡಿದ್ವಿ. ಎಲ್ಲಾಕ್ಕಿಂತ ತೆಳ್ಳಂದೇ ಅಕಿಗೆ ಬೇಕು ಅಂತ ನಾ ತಿಳಕೊಂಡಿದ್ದೆ. ಅದನ್ನ ಹಿಡದ್ರ ಹೆಬ್ಬಟ್ಟು ನೋಯ್ತದಂತ. ನಡುವಿಂದು, ಮೊದಲ ಫ್ರೆಟ್ ಹತ್ರ 21 ಮಿ.ಮೀ. ದಪ್ಪ, ಮ್ಯಾಲಿನ ಪಟ್ಟಿ 42 ಮಿ.ಮೀ. ಅಗಲ, ಅದು ಅಕಿ ಕೈಗೆ ಕೂಡ್ತು. ಚೀಟಿ ಮ್ಯಾಲೆ ಬರಕೊಂಡು ಬಂದ್ವಿ. ಆ ಅಳತಿದು ಹೆಸರಿಲ್ಲದ್ದು ಸಿಕ್ರೂ ತರ್ತೀನಿ. ಚಾದರ ಆಗಲೇ ತಗದಾಳ.

ಮುಂದಿನ ಸಲ ಸಲಹಾ ಕೊಡ್ಲಿಕ್ಕೆ ಬರೂವಾಗ ಟೇಪು ತರ್ರಿ. ಚಹಾ ನಾ ಇಡ್ತೀನಿ.